ಹಿರಿಯ ಮಿದುಳಿನ ಹೊಸ ಕೋಶಗಳು: ಒಂದು ತೀರ್ಪಿನ ಚರಿತ್ರೆ

ಮಲಪ್ರಭೆಯ ಸೀಮೆಯ ರಾಮದುರ್ಗವನ್ನು ಭಾವೆ ಮನೆತನ ಆಳುತ್ತಿದ್ದ ಕಾಲ. ನೆರೆಯ ಧಾರವಾಡ ಕುಂಪಣಿ ಸರಕಾರದ ಕೈಯಲ್ಲಿತ್ತು. ಅಲ್ಲಿ 1845ರಲ್ಲಿ ಮನೋರೋಗಿಗಳಿಗಾಗಿ ಒಂದು ಆಶ್ರಯಧಾಮ ಎದ್ದಿತು. ಇಂದಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಬೇರು ಅದೇ. ಹದಿಮೂರು ವರ್ಷಗಳ ತರುವಾಯ, 1858ರ ಮೇ ತಿಂಗಳ ಕೊನೆಯಲ್ಲಿ, ನರಗುಂದದ ಭಾಸ್ಕರರಾವ್ ಭಾವೆಯ ಪಡೆ ರಾಮದುರ್ಗದ ಮಗ್ಗುಲಲ್ಲಿರುವ ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದಿತು. ಆ ಘಟನೆಯನ್ನು ಈ ನಾಡು ಇಂದಿಗೂ ನೆನೆಯುತ್ತದೆ. ಧಾರವಾಡದ ಗೋಡೆಗಳೊಳಗೆ ಬಾಳು ಸವೆಸಿದವರು ಅಷ್ಟು ಸುಲಭವಾಗಿ ನೆನಪಿಗೆ ಬರುವುದಿಲ್ಲ. ಅವರ ಮಿದುಳಿನ ಬಗ್ಗೆ ಲೋಕ ತಿಳಿದದ್ದು ಬಹಳ ಕಡಿಮೆ. ಮುಂದೆ ತಿಳಿದೆವೆಂದು ಸಾರಿದ ಮೊದಲ ಮಾತೂ ನಿರಾಶೆಯದೇ ಆಗಿತ್ತು.

ಆ ಮಾತು ಹುಟ್ಟಿದ್ದು ಸ್ಪೇನಿನಲ್ಲಿ. ಸಾಂತಿಯಾಗೊ ರಮೋನ್ ಇ ಕಹಾಲ್ ನರಕೋಶಗಳನ್ನು ಒಂದೊಂದಾಗಿ ಕಂಡು, ಕೈಯಾರೆ ಚಿತ್ರಿಸಿ, 1906ರಲ್ಲಿ ನೊಬೆಲ್ ಪಡೆದ ಮಹಾನುಭಾವರು. ಬೆಳೆದವರ ಮಿದುಳಿನಲ್ಲಿ ಎಲ್ಲವೂ ಸ್ಥಿರ, ಅಲ್ಲಿ ಸಾವು ಉಂಟು, ಮರುಹುಟ್ಟು ಇಲ್ಲ ಎಂದು 1913ರ ಹೊತ್ತಿಗೆ ಅವರು ಬರೆದರು. ಈ ಕಠಿಣ ನಿಯಮವನ್ನು ಬದಲಿಸುವ ಹೊಣೆಯನ್ನು ಮುಂದಿನ ವಿಜ್ಞಾನಕ್ಕೆ ಬಿಟ್ಟರು. ಶಿಷ್ಯಪರಂಪರೆ ಮೊದಲ ಮಾತನ್ನು ಶಾಸನದಂತೆ ಪಾಲಿಸಿತು, ಎರಡನೆಯದನ್ನು ಮರೆಯಿತು.

1939ರ ಏಪ್ರಿಲ್‌ನಲ್ಲಿ ರಾಮದುರ್ಗದ ಪ್ರಜೆಗಳು ಸಂಸ್ಥಾನದ ವಿರುದ್ಧ ಸಿಡಿದೆದ್ದರು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಜರ ಆಳ್ವಿಕೆ ಮುಗಿದರೂ ಕಹಾಲರ ತೀರ್ಪಿನ ಆಳ್ವಿಕೆ ಮುಗಿಯಲಿಲ್ಲ.

ಅದನ್ನು ಮೊದಲು ಅಲುಗಿಸಿದವರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದ ಎಂಐಟಿಯಲ್ಲಿ ದುಡಿಯುತ್ತಿದ್ದ ಜೋಸೆಫ್ ಆಲ್ಟ್‌ಮನ್. ಕೋಶವೊಂದು ಇಬ್ಭಾಗವಾಗುವ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಅದಕ್ಕೆ ಥೈಮಿಡಿನ್ ಎಂಬ ವಸ್ತು ಬೇಕು. ವಿಕಿರಣಶೀಲ ಜಲಜನಕ ಬೆರೆತ ಥೈಮಿಡಿನ್ ಅನ್ನು ಇಲಿಗಳಿಗೆ ಚುಚ್ಚಿದರೆ, ಹೊಸದಾಗಿ ಹುಟ್ಟಿದ ಕೋಶ ಮಾತ್ರ ಆ ಗುರುತನ್ನು ಹೊತ್ತಿರುತ್ತದೆ. ಮಿದುಳಿನ ತೆಳು ಸೀಳಿಗೆ ಫೋಟೋದ ಲೇಪ ಬಳಿದು ಕತ್ತಲಲ್ಲಿಟ್ಟರೆ, ಗುರುತು ಹೊತ್ತ ಕೋಶದ ಮೇಲೆ ಕಪ್ಪು ಕಾಳುಗಳು ಮೂಡುತ್ತವೆ. 1962ರಲ್ಲಿ ಆಲ್ಟ್‌ಮನ್ ಆ ಕಾಳುಗಳನ್ನು ಲೋಕಕ್ಕೆ ತೋರಿಸಿದರು. 1965ರಲ್ಲಿ ಗೋಪಾಲ ದಾಸ್ ಅವರ ಜತೆಗೂಡಿ, ನೆನಪಿನ ನೆಲೆಯಾದ ಹಿಪೊಕ್ಯಾಂಪಸ್‌ನಲ್ಲಿ ಹುಟ್ಟಿದ ಮೇಲೂ ನರಕೋಶಗಳು ಮೂಡುತ್ತವೆಂದು ವಿಸ್ತಾರವಾಗಿ ಬರೆದರು. ಬಲಿತ ನರಕೋಶ ತಾನೇ ಒಡೆದು ಎರಡಾಗುವುದಿಲ್ಲ. ಅದರ ಪಕ್ಕದಲ್ಲಿ ಉಳಿದಿರುವ ಆಕರಕೋಶಗಳಿಂದ ಹೊಸವು ಬರುತ್ತವೆ. ಹಳೆಯ ತೀರ್ಪು ಎಡವಿದ್ದು ಇಲ್ಲಿಯೇ.

ವಿದ್ವತ್ಸಭೆ ಆಲ್ಟ್‌ಮನ್‌ರನ್ನು ಖಂಡಿಸಲಿಲ್ಲ, ಕಡೆಗಣಿಸಿತು. ನನ್ನ ಮಟ್ಟಿಗೆ ಅದು ಖಂಡನೆಗಿಂತ ಕ್ರೂರ. 1977ರಲ್ಲಿ ಮೈಕೆಲ್ ಕ್ಯಾಪ್ಲನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇದೇ ಕೋಶಗಳನ್ನು ತೋರಿಸಿದಾಗಲೂ ಮನ್ನಣೆ ಸಿಗದೆ, ಕಡೆಗೆ ಅವರು ಈ ಕ್ಷೇತ್ರವನ್ನೇ ಬಿಟ್ಟರು. 1985ರಲ್ಲಿ ಪಾಸ್ಕೊ ರಾಕಿಚ್ ಕೋತಿಗಳ ಮಿದುಳನ್ನು ಪರೀಕ್ಷಿಸಿ, ಬೆಳೆದ ಪ್ರಾಣಿಯಲ್ಲಿ ಹೊಸ ನರಕೋಶ ಕಾಣಲಿಲ್ಲವೆಂದರು. ಹಿರಿಯರ ಆ ಮಾತಿಗೆ ತೂಕ ಬಂತು. ಅಷ್ಟರಲ್ಲಾಗಲೇ ಫರ್ನಾಂಡೊ ನಾಟೆಬಾಮ್ ಬೆಳೆದ ಕ್ಯಾನರಿ ಹಕ್ಕಿಗಳ ಹಾಡಿನ ಕೇಂದ್ರದಲ್ಲಿ ಹೊಸ ಕೋಶಗಳನ್ನು ಕಂಡಿದ್ದರು. ಅದು ಹಕ್ಕಿಯ ಮಾತು ಎಂದು ಹಲವರು ಬದಿಗಿಟ್ಟರು.

ಮನುಷ್ಯನ ಸಾಕ್ಷಿ ಬಂದದ್ದು ಸ್ವೀಡನ್‌ನಿಂದ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ರೋಗಿಗಳಿಗೆ ಗಡ್ಡೆಯ ಬೆಳವಣಿಗೆ ಅಳೆಯಲೆಂದು ಬಿಆರ್‌ಡಿಯು ಎಂಬ ವಸ್ತುವನ್ನು ಕೊಡುತ್ತಿದ್ದರು. ಅದೂ ಥೈಮಿಡಿನ್‌ನಂತೆ ಹುಟ್ಟುವ ಕೋಶದೊಳಗೆ ಸೇರುತ್ತದೆ. ಪೀಟರ್ ಎರಿಕ್ಸನ್ ಮತ್ತು ಫ್ರೆಡ್ ಗೇಜ್ ತಂಡ, ತೀರಿಕೊಂಡ ಐವರು ರೋಗಿಗಳ ಮಿದುಳನ್ನು ಪರೀಕ್ಷಿಸಿತು. ಅವರ ವಯಸ್ಸು 57ರಿಂದ 72. ಐವರಲ್ಲೂ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳಿದ್ದವು. 1998ರ ನವೆಂಬರ್‌ನಲ್ಲಿ ಅದು ಪ್ರಕಟವಾಯಿತು. ಸಾವಿನ ಹೊಸ್ತಿಲಲ್ಲಿದ್ದವರ ಮಿದುಳೂ ಹೊಸದನ್ನು ಹುಟ್ಟಿಸುತ್ತಿತ್ತು! ಹೆಸರಿಲ್ಲದ ಆ ಐವರಿಗೆ ಮನುಕುಲ ಋಣಿ.

2013ರಲ್ಲಿ ಯೋನಾಸ್ ಫ್ರೀಸೆನ್ ತಂಡ ಇನ್ನೂ ಅಚ್ಚರಿಯ ದಾರಿ ಹಿಡಿಯಿತು. ಶೀತಲ ಸಮರದ ಅಣುಸ್ಫೋಟಗಳು ಗಾಳಿಗೆ ತುಂಬಿದ ಕಾರ್ಬನ್-14, ಅನ್ನದ ಮೂಲಕ ಎಲ್ಲರ ಡಿಎನ್‌ಎಯಲ್ಲೂ ಸೇರಿದೆ; ಅದರ ಪ್ರಮಾಣದಿಂದ ಕೋಶ ಹುಟ್ಟಿದ ಕಾಲ ಗೊತ್ತಾಗುತ್ತದೆ. ಒಂದೊಂದು ಹಿಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ಕೋಶಗಳು ಎಂದು ಅವರು ಲೆಕ್ಕ ಹಾಕಿದರು.

ವಾದ ಅಲ್ಲಿಗೆ ತೀರಲಿಲ್ಲ. 2018ರಲ್ಲಿ ಒಂದು ತಂಡ, ಬಾಲ್ಯ ದಾಟಿದ ಮೇಲೆ ಹೊಸ ಕೋಶಗಳು ಕಾಣಸಿಗುವುದಿಲ್ಲವೆಂದಿತು. ಅದೇ ವರ್ಷ ಮತ್ತೊಂದು ತಂಡ 79ರ ಮುಪ್ಪಿನಲ್ಲೂ ಅವು ಇವೆಯೆಂದಿತು. ಮರುವರ್ಷ ಮ್ಯಾಡ್ರಿಡ್‌ನ ತಂಡ 87ರ ವಯಸ್ಸಿನವರಲ್ಲೂ ಕಂಡು, ಅಲ್ಜೈಮರ್ಸ್ ರೋಗಿಗಳಲ್ಲಿ ಅವು ತೀರ ಕಡಿಮೆಯೆಂದು ತೋರಿಸಿತು. ಮಿದುಳನ್ನು ಹೇಗೆ, ಎಷ್ಟು ಹೊತ್ತು ರಸಾಯನದಲ್ಲಿ ಕಾಪಿಟ್ಟರೆಂಬುದೇ ಕೋಶಗಳನ್ನು ಕಾಣಿಸುತ್ತದೆ ಅಥವಾ ಮರೆಮಾಡುತ್ತದೆ ಎಂದೂ ಅವರು ತಿಳಿಸಿದರು. 2025ರಲ್ಲಿ ಫ್ರೀಸೆನ್ ತಂಡ ಬೆಳೆದವರಲ್ಲೂ ವಿಭಜಿಸುವ ಆಕರಕೋಶಗಳನ್ನು ಗುರುತಿಸಿತು. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಕನ್ನಡ ನೆಲವೂ ಈ ಚರಿತ್ರೆಯಲ್ಲಿ ಪಾಲುಗೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ. ಎಸ್. ಶಂಕರನಾರಾಯಣ ರಾವ್ ಅವರ ತಂಡ ದೀರ್ಘಕಾಲದ ಒತ್ತಡಕ್ಕೆ ಗುರಿಯಾದ ಇಲಿಗಳನ್ನು ವಿಶಾಲ ಗೂಡಿನಲ್ಲಿ, ಜತೆಗಾರರೊಡನೆ, ಆಟದ ಸಾಮಾನುಗಳ ನಡುವೆ ಇರಿಸಿತು. ಕುಂದಿದ್ದ ಕೋಶಗಳ ಹುಟ್ಟು ಮರಳಿತು, ಕಲಿಕೆಯೂ ಸುಧಾರಿಸಿತು. 2009ರಲ್ಲಿ ಇದು ಪ್ರಕಟವಾಯಿತು. ಇಲಿಯ ಫಲವನ್ನು ನೇರವಾಗಿ ಮನುಷ್ಯನಿಗೆ ಹೊಂದಿಸಲಾಗದು. ಪಾರ್ಶ್ವವಾಯುವಿನಿಂದ ಸತ್ತ ಮಿದುಳಿನ ಭಾಗ ಹೊಸ ಕೋಶಗಳಿಂದ ಮತ್ತೆ ಬೆಳೆಯುತ್ತದೆಂದು ಯಾರಾದರೂ ಔಷಧಿ ಮಾರಿದರೆ ನಂಬಬಾರದು. ಆದರೂ ರೋಗಿಯನ್ನು ನಾಲ್ಕು ಗೋಡೆಯೊಳಗೆ ಒಂಟಿಯಾಗಿ ಇಡುತ್ತಿದ್ದ ಆ ಹಳೆಯ ಕಾಲಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಕಾಣದು.

ಮನುಷ್ಯನ ಮಿದುಳಿನ ಪ್ರಶ್ನೆ ಮನುಷ್ಯನ ಮಿದುಳಿನಿಂದಲೇ ತೀರಬೇಕು. ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ 1995ರಲ್ಲಿ ಕಟ್ಟಿದ ಮಿದುಳು ಬ್ಯಾಂಕ್, ಹತ್ತಿರದ ಬಂಧುಗಳ ಒಪ್ಪಿಗೆಯೊಂದಿಗೆ ದಾನವಾದ ಮಿದುಳುಗಳನ್ನು ಸಂಶೋಧನೆಗೆಂದು ಕಾಪಿಡುತ್ತದೆ. ಆದರೆ ಗಂಟೆ ಕಳೆದಂತೆ ಅಂಗಾಂಶ ಕೆಡುತ್ತದೆ. ರಾಮದುರ್ಗದಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಆದ್ದರಿಂದ ಧಾರವಾಡದಲ್ಲೂ ಅಂಥ ಅನುಕೂಲ ಬೆಳೆಯಬೇಕು. ಅಲ್ಲಿಯವರೆಗೆ, ಬೆಂಗಳೂರಿನಲ್ಲಿ ನೆಲೆಸಿರುವ ರಾಮದುರ್ಗ, ಸವದತ್ತಿ, ಬೈಲಹೊಂಗಲದ ಕುಟುಂಬಗಳು ಈ ದಾನದ ಮಾತನ್ನು ಮನೆಯಲ್ಲಿ ಹಿರಿಯರ ಜತೆ, ಅವರು ಆರೋಗ್ಯವಾಗಿರುವಾಗಲೇ, ಆಡಲಿ.