ರಾಜಾಜಿ ಹಾಲೂ ಶ್ರೀರಂಗಪಟ್ಟಣವೂ

ಚೆನ್ನೈಯ ಕನ್ನಡಿಗರಾದ ನಾವು ಕಚೇರಿಗೆ ಹೋಗುವಾಗ ಅಣ್ಣಾ ಸಾಲೆಯ ಸರ್ಕಾರಿ ಎಸ್ಟೇಟನ್ನು ಎಷ್ಟೋ ಬಾರಿ ದಾಟಿದ್ದೇವೆ. ಅದರೊಳಗಿನ ರಾಜಾಜಿ ಹಾಲಿಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಇರುವ ನಂಟು ಬಹಳ ಮಂದಿಗೆ ತಿಳಿಯದು.

ಕೋಟೆಯ ಇಕ್ಕಟ್ಟಿನಿಂದ ಹೊರಬಂದು ವಿಶಾಲವಾದ ತೋಟದ ನಡುವೆ ಮನೆ ಮಾಡುವುದು ಅಂದಿನ ಇಂಗ್ಲಿಷರ ರೂಢಿ. 1753ರಲ್ಲಿ ಕಂಪೆನಿಯವರು ಪೋರ್ಚುಗೀಸ್ ಮನೆತನವೊಂದರಿಂದ ಇಲ್ಲಿದ್ದ ತೋಟದ ಮನೆಯನ್ನು ಕೊಂಡು ಗವರ್ನರರ ನಿವಾಸ ಮಾಡಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸುಲ್ತಾನ ಮಡಿದ. ಆಗ ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್. ಅವನ ತಂದೆ ರಾಬರ್ಟ್ ಕ್ಲೈವ್ 1757ರಲ್ಲಿ ಪ್ಲಾಸಿಯನ್ನು ಗೆದ್ದವನು. ಆ ಎರಡು ಜಯಗಳ ನೆನಪಿಗೆ ಮನೆಯ ಪಕ್ಕದಲ್ಲೇ ಔತಣ ಮಂದಿರವೆದ್ದಿತು. ನಕ್ಷೆ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮನದು. 1802ರಲ್ಲಿ ಮುಗಿದ ಕಟ್ಟಡ ಗ್ರೀಕ್ ದೇಗುಲದಂತಿದೆ: ಎತ್ತರದ ಜಗಲಿ, ಸಾಲುಗಂಬ, ತ್ರಿಕೋನದ ಮುಖ, ಅಗಲವಾದ ಮೆಟ್ಟಿಲುಗಳು. ಸ್ವಾತಂತ್ರ್ಯ ಬಂದ ಮೇಲೆ ಅದಕ್ಕೆ ರಾಜಾಜಿಯವರ ಹೆಸರಾಯಿತು.

ಮೂಲದ ಮನೆ ಇಂದಿಲ್ಲ. 2010ರಲ್ಲಿ ಉದ್ಘಾಟನೆಯಾದ ವಿಧಾನಸಭಾ ಕಟ್ಟಡಕ್ಕಾಗಿ ಅದನ್ನು ಕೆಡವಿದರು. ಆ ಹೊಸ ಕಟ್ಟಡವೂ 2014ರಲ್ಲಿ ಆಸ್ಪತ್ರೆಯಾಯಿತು.

ವಿಜಯದ ಮಂದಿರ ಮಾತ್ರ ಉಳಿದು, ಊರಿನವರ ಶೋಕದ ಅಂಗಳವಾಯಿತು. 1969ರಲ್ಲಿ ಅಣ್ಣಾದುರೈಯವರಿಗೆ, 1987ರಲ್ಲಿ ಎಂ.ಜಿ.ಆರ್. ಅವರಿಗೆ ಜನ ಅಂತಿಮ ನಮನ ಸಲ್ಲಿಸಿದ್ದು ಇಲ್ಲೇ. 2016ರಲ್ಲಿ ಈ ಮೆಟ್ಟಿಲ ಮೇಲೆ ಮಲಗಿದ್ದ ಜಯಲಲಿತಾ ಹುಟ್ಟಿದ್ದು ಶ್ರೀರಂಗಪಟ್ಟಣಕ್ಕೆ ಅನತಿದೂರದ ಮೇಲುಕೋಟೆಯಲ್ಲಿ!

ನಮ್ಮ ಸೋಲಿನ ಗುರುತೆಂದು ಈ ಕಟ್ಟಡವನ್ನು ದೂರವಿಡಬೇಕೆ? ಬೇಡವೆನ್ನುತ್ತೇವೆ. ಮನೆ ಹೋಯಿತು, ಕಥೆಯಾದರೂ ಉಳಿಯಲಿ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ಅದನ್ನು ಕನ್ನಡದಲ್ಲೇ ಹೇಳೋಣ.