ಚಿಗವ್ವನ ಕ್ಯಾಲೆಂಡರು

ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡದ ಮನೆ ನಮ್ಮ ಕಡೆ ಕಡಿಮೆ. ತಿಂಗಳ ಕೊನೆಗೆ ಹಾಲಿನವನು ಪೂರ್ತಿ ದುಡ್ಡು ಕೇಳಿದರೆ, 'ಅಮಾಸಿ ದಿನ ನೀ ಬಂದೇ ಇಲ್ಲಲ್ಲೋ' ಎಂದು ಬೆರಳಿಟ್ಟು ತೋರಿಸಿದರಾಯಿತು, ಜಗಳ ಅಲ್ಲಿಗೇ ಮುಗಿಯುತ್ತದೆ. ನನ್ನ ಚಿಗವ್ವ ಅದೇ ಕ್ಯಾಲೆಂಡರಿನಲ್ಲಿ ಇನ್ನೊಂದು ಲೆಕ್ಕ ಇಟ್ಟಿದ್ದಳು. ಗಂಡ ತೀರಿದ ಮೇಲೆ ಹೊಲದ ಉತಾರದಲ್ಲಿ ತನ್ನ ಹೆಸರು ಏರಿಸಲು ವರ್ದಿ ಕೊಟ್ಟ ದಿನಕ್ಕೊಂದು ಬೊಟ್ಟು. ಚಾವಡಿಗೆ ಹೋಗಿ 'ನಾಳಿ ಬಾರವ್ವ' ಅನ್ನಿಸಿಕೊಂಡು ಬಂದ ದಿನಕ್ಕೆಲ್ಲ ಇದ್ದಿಲಿನ ಗೀಟು. ಅದು 1986. ಗೀಟು ಹನ್ನೊಂದಾದವು.

ಹನ್ನೆರಡನೆಯ ಸಲ ಹೋದಾಗ, ಅವಳಿಗಿಂತ ಎಷ್ಟೋ ತಡವಾಗಿ ಮೈದುನ ಕೊಟ್ಟ ವರ್ದಿ ಆಗಲೇ ಡೈರಿ ಏರಿತ್ತು. ಯಾರ ಕಾಗದ ಮೊದಲು ಬಂತೆಂದು ಪುಸ್ತಕ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಕ್ಯಾಲೆಂಡರು ಮಾತ್ರ. ಅದನ್ನೇ ಸುರುಳಿ ಸುತ್ತಿ ಮೇಲಿನ ಕಚೇರಿಗೆ ಒಯ್ದಳು. 'ಇದು ಪುರಾವೆ ಆಗಂಗಿಲ್ಲ ತಾಯಿ' ಅಂದರಂತೆ. ಮೂರು ವರ್ಷ ಅಪೀಲಿನಲ್ಲಿ ಕಳೆದವು. ಹೆಸರು ಏರಿತು, ಕೊರಳಿನ ಬೋರಮಾಳ ಇಳಿಯಿತು.

ನಮ್ಮ ಸೀಮೆಯ ದಫ್ತರಗಳು ಕಂಡ ದೊರೆಗಳು ಒಬ್ಬಿಬ್ಬರಲ್ಲ. 1948ರವರೆಗೆ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ 1947ರವರೆಗೆ ಇಂಗ್ಲಿಷರ ವಿಜಾಪುರ ಜಿಲ್ಲೆಯದು. ಆಮೇಲೆ ಎಲ್ಲವೂ ಮುಂಬಯಿ ಪ್ರಾಂತ, 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಬಾಗಲಕೋಟೆ ಜಿಲ್ಲೆ. ದೊರೆಗಳು ಬದಲಾದರೂ ಪುಸ್ತಕ ಮಾತ್ರ ತಲಾಟಿಯ ಕೈಯಲ್ಲೇ ಉಳಿಯಿತು. ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಹೊಲಗಳನ್ನು ನುಂಗಿದಾಗ ಪರಿಹಾರ ಹುಡುಕಿಕೊಂಡು ಹೋದದ್ದು ಉತಾರದಲ್ಲಿ ಹೆಸರಿದ್ದವರ ಮನೆಯನ್ನು. ಹೆಸರಿಲ್ಲದ ವಿಧವೆಯ ಗತಿ ಏನಾಗಿರಬೇಕು, ನೀವೇ ಊಹಿಸಿ.

2000ದ ಹೊತ್ತಿಗೆ 'ಭೂಮಿ' ಯೋಜನೆ ಬಂತು. 67 ಲಕ್ಷ ರೈತರ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಪ್ರತಿ ಸಿಕ್ಕಿತು. ನನಗೆ ಹಿಡಿಸಿದ್ದು ಮಾತ್ರ ಬೇರೆ ಸಂಗತಿ. ಅರ್ಜಿಗೆ ನಂಬರು ಬಿತ್ತು, ಮೊದಲು ಬಂದದ್ದು ಮೊದಲು ಎಂಬ ಸರದಿ ಬಂತು. ಅಧಿಕಾರಿ ಬೆರಳೊತ್ತಿಯೇ ಒಳಗೆ ಹೋಗಬೇಕಾದ್ದರಿಂದ, ಮಾಡಿದ್ದನ್ನು ಆಮೇಲೆ 'ನಾನಲ್ಲ' ಅನ್ನುವಂತಿರಲಿಲ್ಲ. ನಾವು ಹೆಬ್ಬೆಟ್ಟು ಒತ್ತಿ ಒತ್ತಿ ಬೇಸತ್ತವರು. ಈಗ ಸಾಹೇಬರೂ ಒತ್ತುವಂತಾಯಿತಲ್ಲ ಎಂದು ಚಿಗವ್ವ ನಕ್ಕಳು.

ಹೀಗೆ ಬಿದ್ದ ಗುರುತುಗಳನ್ನು ಓದುವುದೇ ಒಂದು ವಿದ್ಯೆಯಾಗಿ ಬೆಳೆದಿದೆ. ಪ್ರೋಸೆಸ್ ಮೈನಿಂಗ್ ಎನ್ನುತ್ತಾರೆ. 1990ರ ದಶಕದ ಕೊನೆಯಿಂದ ಇದನ್ನು ಬೆಳೆಸಿದವರಲ್ಲಿ ಮುಖ್ಯರು ನೆದರ್‌ಲ್ಯಾಂಡ್ಸಿನ ವಿಲ್ ವಾನ್ ಡರ್ ಆಲ್ಸ್ಟ್. ಯಾವ ಕಾಗದ, ಯಾವ ಕೆಲಸ, ಯಾವ ಹೊತ್ತು: ಈ ಮೂರು ಗೊತ್ತಿದ್ದರೆ ಸಾಕು, ಕಾಗದ ನಡೆದ ದಾರಿಯನ್ನು ಕಂಪ್ಯೂಟರು ಚಿತ್ರ ಬರೆದು ತೋರಿಸುತ್ತದೆ. ನಿಯಮದ ದಾರಿಯನ್ನು ಅದರ ಪಕ್ಕದಲ್ಲಿಟ್ಟರೆ ನೋಟೀಸಿನ ಅವಧಿ ಮುಗಿಯುವ ಮೊದಲೇ ಸಹಿ ಬಿದ್ದದ್ದು, ಮಾಡಿದವರ ಹೆಸರೂ ದಾಖಲಾಗಿದ್ದರೆ ಬರೆದವನೇ ಒಪ್ಪಿಗೆಯನ್ನೂ ಕೊಟ್ಟದ್ದು, ಹಿಂದಿನ ಅರ್ಜಿ ಮುಂದೆ ಜಿಗಿದದ್ದು ಎಲ್ಲ ಬಯಲಾಗುತ್ತದೆ. ಬ್ಯಾಂಕು, ಆಸ್ಪತ್ರೆ, ಕಂಪನಿಗಳಲ್ಲಿ ಮೋಸ ಹಿಡಿಯಲು ಇದನ್ನು ಬಳಸುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಇದ್ದಿಲಿನ ಗೀಟುಗಳು.

ಆದರೆ ಚಿಗವ್ವ ತೀರಿಕೊಂಡ ಮೇಲೆ ಅದೇ ಹೊಲ ಇನ್ನೊಂದು ಪಾಠ ಹೇಳಿತು. ಗಂಡುಮಕ್ಕಳು ಕೊಟ್ಟ ವಂಶಾವಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ. ತಾಯಿಯ ಆಸ್ತಿಗೆ ಮಗ ಮಗಳು ಸಮಪಾಲುದಾರರೆಂದು 1956ರ ಕಾಯ್ದೆಯೇ ಹೇಳುತ್ತದೆ. ಅರ್ಜಿಗೆ ನಂಬರಿತ್ತು, ಸರದಿ ತಪ್ಪಿರಲಿಲ್ಲ, ನೋಟೀಸೂ ಸರಿಯಾಗಿಯೇ ಹೊರಟಿತ್ತು. ಕಂಪ್ಯೂಟರಿಗೆ ಅದರಲ್ಲಿ ಯಾವ ಕುಂದೂ ಕಾಣುವಂತಿರಲಿಲ್ಲ. ಹುಟ್ಟಿದ ಹೆಣ್ಣುಮಕ್ಕಳನ್ನು ಹುಟ್ಟಿಲ್ಲವೆಂದು ಬರೆದುಕೊಟ್ಟವರು ಮನೆಯವರೇ ಅಲ್ಲವೇ?

ಸಣ್ಣಾಕೆ ಬನಹಟ್ಟಿಯಲ್ಲಿ ಮಗ್ಗದ ಮನೆಯ ಸೊಸೆ. 'ತವರಿನ ಮಂದಿ ಏನಂದಾರು' ಎಂದು ನಾಲ್ಕು ದಿನ ಅತ್ತಳು. ಐದನೆಯ ದಿನ, ಅವಧಿ ಮುಗಿಯುವ ಮೊದಲೇ, ತಕರಾರು ಅರ್ಜಿ ಕೊಟ್ಟು ಬಂದಳು. ಅಕ್ಕನ ಹೆಸರನ್ನೂ ಸೇರಿಸಿದ್ದಳು. ಉತಾರದಲ್ಲಿ ಈಗ ನಾಲ್ಕೂ ಹೆಸರುಗಳಿವೆ. ಅಣ್ಣಂದಿರು ಎರಡು ವರ್ಷ ಪಂಚಮಿಗೆ ಕರೆಯಲು ಬರಲಿಲ್ಲ, ಮೂರನೆಯ ವರ್ಷ ಬಂದರು.

ಆ ಅರ್ಜಿಯ ಸ್ವೀಕೃತಿ ಚೀಟಿ ಅವಳ ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದೆ. ಹೋದಾಗೊಮ್ಮೆ ನೋಡಿ ಬರುತ್ತೇನೆ.