ಟಿವಿ ಸುದ್ದಿಯ ಕಸುಬು: ಬೆಳೆದ ಬಗೆ, ಬಿಟ್ಟುಹೋದ ಪಾಠ

ಕನ್ನಡದ ಟಿವಿ ಪತ್ರಿಕೋದ್ಯಮ ಹುಟ್ಟಿದ್ದೇ 2006ರ ಕೊನೆಯಲ್ಲಿ, ಟಿವಿ9 ಕನ್ನಡ ಬಂದ ಮೇಲೆ ಎಂಬ ಮಾತು ಈಗ ಪದವಿ ತರಗತಿಗಳಿಂದ ವಿಚಾರ ಸಂಕಿರಣಗಳವರೆಗೆ ಕೇಳಿಬರುತ್ತಿದೆ. ಅದಕ್ಕೂ ಹಿಂದಿನದೆಲ್ಲ ಸರ್ಕಾರಿ ಪ್ರಕಟಣೆಯ ಓದು ಎಂದು ತಳ್ಳಿಹಾಕುವುದು ರೂಢಿಯಾಗಿಬಿಟ್ಟಿದೆ. ಇದಕ್ಕೆ ಅಂಟಿಕೊಂಡು ಬಂದ ಇನ್ನೊಂದು ನಂಬಿಕೆಯಿದೆ: ಟಿವಿ ಸುದ್ದಿಯ ಕೌಶಲವೆಂದರೆ ನಿರೂಪಣೆ, ಮುಖ ಮತ್ತು ದನಿ ಚೆನ್ನಾಗಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ತರಬೇತಿ ಕೇಂದ್ರಗಳ ಜಾಹೀರಾತುಗಳೂ ಇದನ್ನೇ ಸಾರುತ್ತಿವೆ. ಈ ಎರಡು ನಂಬಿಕೆಗಳೂ ಕಸುಬಿಗೆ ಹಾನಿ ಮಾಡಿವೆ. ವರದಿ ತರುವುದು, ಚಿತ್ರಕ್ಕೆ ತಕ್ಕ ಮಾತು ಬರೆಯುವುದು, ಬುಲೆಟಿನ್ ಕಟ್ಟುವುದು ಈ ಮೂರನ್ನೂ ಕನ್ನಡದಲ್ಲಿ ಮೂರು ದಶಕಗಳ ಕಾಲ ಜನ ಕೂತು ಕಲಿತಿದ್ದಾರೆ, ಕಲಿಸಿದ್ದಾರೆ. ಆ ಕಲಿಕೆಯ ಹಾದಿಯನ್ನು ಒಮ್ಮೆ ಗುರುತಿಸುವುದು ಅಗತ್ಯ.

ರೇಡಿಯೊ ಕೊಟ್ಟ ಅಡಿಪಾಯ

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕವಾಗಿ ಆರಂಭವಾದ ಟಿವಿಗೆ ದಿನನಿತ್ಯದ ಸುದ್ದಿ ಸೇರಿದ್ದು 1965ರಲ್ಲಿ. ಕರ್ನಾಟಕದಲ್ಲಿ ಬೆಂಗಳೂರಿಗಿಂತ ಮೊದಲು ಟಿವಿ ಕಂಡದ್ದು ಹಳ್ಳಿಗಳು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ತಲುಪಿತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರ ನವೆಂಬರ್ 1ರಂದು.

ಬೆಂಗಳೂರು ದೂರದರ್ಶನದ ಸುದ್ದಿ ವಿಭಾಗಕ್ಕೆ ಆಕಾಶವಾಣಿಯ ಸಂಪ್ರದಾಯವೇ ಗುರು. ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ಸಂಗತಿ, ಹೆಸರು ಮತ್ತು ಅಂಕಿಗಳನ್ನು ಎರಡು ಸಲ ನೋಡುವ ಶಿಸ್ತು, ಕಿವಿಗೆ ಎಡವದ ಕನ್ನಡ, ಇವೆಲ್ಲ ಅಲ್ಲಿಂದ ಬಂದವು. ಆ ಸುದ್ದಿಯಲ್ಲಿ ಸರ್ಕಾರದ ಪಾಲು ಹೆಚ್ಚಿತ್ತು ಎಂಬ ದೂರು ನಿಜ. ಚಿತ್ರಕ್ಕೆ ಅಲ್ಲಿ ಎರಡನೆಯ ಸ್ಥಾನ ಎಂಬುದೂ ನಿಜ. ಮಾತು ಮೊದಲೇ ಸಿದ್ಧವಾಗುತ್ತಿತ್ತು, ದೃಶ್ಯ ಬಂದರೆ ಬಂತು. ಆದರೆ ಓದಿಗೆ ಮೊದಲು ಬರವಣಿಗೆ, ಬರವಣಿಗೆಗೆ ಮೊದಲು ಪರಿಶೀಲನೆ ಎಂಬ ಕ್ರಮವನ್ನು ಕನ್ನಡದ ಟಿವಿಗೆ ಹಾಕಿಕೊಟ್ಟವರು ಆ ವಿಭಾಗದವರೇ.

1994ರ ಜೂನ್‌ನಲ್ಲಿ ಉದಯ ಟಿವಿ ಆರಂಭವಾದಾಗ ಸುದ್ದಿಗೆ ಖಾಸಗಿ ಕ್ಯಾಮೆರಾ ಸಿಕ್ಕಿತು. ಸಾಮಾನ್ಯ ಜನರ ಮುಖ ತೆರೆಯ ಮೇಲೆ ಹೆಚ್ಚಾಗಿ ಕಾಣತೊಡಗಿತು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗ ಈ ಪುಟ್ಟ ವ್ಯವಸ್ಥೆಗೆ ದೊಡ್ಡ ಪರೀಕ್ಷೆ ಎದುರಾಯಿತು. ಗಾಜನೂರು ಇರುವ ತಾಳವಾಡಿ ಸೀಮೆ ತಮಿಳುನಾಡಿಗೆ ಸೇರಿದ್ದು, ಅಲ್ಲಿನ ಜನ ಆಡುವುದು ಕನ್ನಡ, ಆಡಳಿತ ನಡೆಯುವುದು ತಮಿಳಿನಲ್ಲಿ. 108 ದಿನ ನಡೆದ ಆ ಪ್ರಸಂಗದಲ್ಲಿ ಅಪಹರಣಕಾರರು ಅಡಗಿದ್ದ ಕಾಡಿನೊಳಗಿನ ಸುದ್ದಿ ಬಹುಪಾಲು ಬಂದದ್ದು ಸಂಧಾನಕಾರರಾಗಿ ಹೋದ ತಮಿಳು ಪತ್ರಿಕೆ 'ನಕ್ಕೀರನ್'ನ ಸಂಪಾದಕ ಗೋಪಾಲ್ ಅವರ ಮೂಲಕ. ಎರಡೂ ಭಾಷೆ ಬಲ್ಲ, ಗಡಿಯ ಎರಡೂ ಬದಿಯ ಕಚೇರಿಗಳ ಪರಿಚಯವಿದ್ದ ಟಿವಿ ವರದಿಗಾರರು ನಮ್ಮಲ್ಲಿ ವಿರಳ ಎಂಬುದು ಆಗಲೇ ಗೊತ್ತಾಗಿತ್ತು.

ಟೇಪ್ ನೋಡಿ ಬರೆದ ತಲೆಮಾರು

ಅದೇ ವರ್ಷದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಆರಂಭವಾಯಿತು. ಸುದ್ದಿಮನೆ ಇದ್ದದ್ದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಕರ್ನಾಟಕದ ಜಿಲ್ಲೆಗಳಿಂದ ಹುಡುಗ ಹುಡುಗಿಯರು ಅಲ್ಲಿಗೆ ಹೋಗಿ ಕಲಿತರು. ಜಿಲ್ಲೆಗೊಬ್ಬ ವರದಿಗಾರ, ಪಕ್ಕದಲ್ಲೇ ತೆಲುಗಿನ ಡೆಸ್ಕು, ಉರ್ದುವಿನ ಡೆಸ್ಕು. ಬೆಂಗಳೂರಿನಿಂದ ದೂರವಿದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ವಿಧಾನಸೌಧದ ಸುದ್ದಿಗೂ ಬೀದರಿನ ಸುದ್ದಿಗೂ ಅಲ್ಲಿ ಒಂದೇ ತಕ್ಕಡಿ. ಕನ್ನಡ ಟಿವಿ ಸುದ್ದಿಯ ಬರವಣಿಗೆ ಪಕ್ವವಾದದ್ದು ಈ ಡೆಸ್ಕುಗಳಲ್ಲಿ ಎಂದೇ ನನ್ನ ನಂಬಿಕೆ.

ನಮ್ಮ ತಲೆಮಾರು ಕಲಿತ ಮೊದಲ ನಿಯಮ: ಟೇಪ್ ಪೂರ್ತಿ ನೋಡದೆ ಪೆನ್ನು ಹಿಡಿಯಬಾರದು. ಯಾವ ಶಾಟ್ ಎಲ್ಲಿದೆ ಎಂದು ಟೈಮ್‌ಕೋಡ್ ಬರೆದುಕೊಳ್ಳಬೇಕು. ಬೈಟ್‌ನಲ್ಲಿ, ಅಂದರೆ ಮಾತಾಡಿದವರ ದೃಶ್ಯತುಣುಕಿನಲ್ಲಿ, ಯಾವ ಹತ್ತು ಹದಿನೈದು ಸೆಕೆಂಡು ಉಳಿಯಬೇಕೆಂದು ಮೊದಲೇ ತೀರ್ಮಾನಿಸಬೇಕು. ಬೈಟ್ ಹೇಳುವುದನ್ನೇ ವಾಯ್ಸ್ ಓವರ್ ಮತ್ತೆ ಹೇಳಬಾರದು. ನಿರೂಪಕರ ಲಿಂಕ್‌ನಲ್ಲಿ ಕಥೆಯನ್ನೆಲ್ಲ ಸುರಿದು ಪ್ಯಾಕೇಜನ್ನು ಖಾಲಿ ಮಾಡಬಾರದು. ಸ್ಥಳದ ಸದ್ದು, ಅಂದರೆ ಮಗ್ಗದ ಲಟಲಟ, ಮಾರುಕಟ್ಟೆಯ ಕೂಗು, ಅಲ್ಲಲ್ಲಿ ಕೇಳಿಸಬೇಕು. ಪಿಟಿಸಿ ಕೊಡುವ, ಅಂದರೆ ಸ್ಥಳದಲ್ಲಿ ಕ್ಯಾಮೆರಾ ನೋಡಿ ಮಾತಾಡುವ ವರದಿಗಾರ ತಾನು ನಿಂತ ಜಾಗಕ್ಕೆ ಕಾರಣವಿದೆ ಎಂದು ತೋರಿಸಬೇಕು. ಇವು ಯಾವುದೋ ಪುಸ್ತಕದಲ್ಲಿ ಇದ್ದ ಪಾಠಗಳಲ್ಲ. ಸ್ಕ್ರಿಪ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಹಿರಿಯರು ಗೀಚಿದ ಪಾಠಗಳು.

ಇದರ ಬೆಲೆ ತಿಳಿಯಲು ತಮಿಳುನಾಡಿನ ತಿರುಪ್ಪೂರಿನ ನೊಯ್ಯಲ್ ನದಿಯ ಸುದ್ದಿಯನ್ನು ತೆಗೆದುಕೊಳ್ಳಬಹುದು. ನಿಟ್‌ವೇರ್ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳೆನೀರಿನಿಂದ ನದಿ ಕೆಟ್ಟಾಗ ಮದ್ರಾಸ್ ಹೈಕೋರ್ಟ್ 2011ರ ಜನವರಿ 28ರಂದು ಏಳುನೂರಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಲು ಆದೇಶಿಸಿತು. ತೆರೆಯ ಮೇಲೆ ಬಣ್ಣದ ನೀರು ಹರಿಯುತ್ತಿರುವಾಗ, 'ನೋಡಿ ವೀಕ್ಷಕರೇ, ನೀರು ಹೇಗೆ ಬಣ್ಣಗೆಟ್ಟಿದೆ' ಎಂದು ಹೇಳುವುದು ಒಂದು ಬಗೆ. ಅದನ್ನು ವೀಕ್ಷಕರು ಆಗಲೇ ನೋಡುತ್ತಿದ್ದಾರೆ. ಅದೇ ದೃಶ್ಯದ ಮೇಲೆ, 'ಒರತ್ತುಪಾಳಯಂ ಅಣೆಕಟ್ಟು ಕಟ್ಟಿದ್ದು 1992ರಲ್ಲಿ, ನೀರಾವರಿಗೆಂದು. ಕೊಳೆನೀರು ನಿಲ್ಲಿಸಿ ಎಂದು ಕೋರ್ಟಿಗೆ ಹೋದವರು ಈ ನದಿಯನ್ನೇ ನಂಬಿದ್ದ ರೈತರು' ಎಂದು ಬರೆಯುವುದು ಇನ್ನೊಂದು ಬಗೆ. ಎರಡೂ ಓದಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಮೊದಲನೆಯದು ಕಣ್ಣಿಗೆ ಕಂಡದ್ದನ್ನು ಕಿವಿಗೆ ಹೇಳುತ್ತದೆ, ಎರಡನೆಯದು ಚಿತ್ರಕ್ಕೆ ಹಿನ್ನೆಲೆ ಕೊಡುತ್ತದೆ. ಹೀಗೆ ಬರೆಯುವವರನ್ನು ತಯಾರು ಮಾಡಲು ತಿಂಗಳುಗಟ್ಟಲೆ ಬೇಕು, ತಿದ್ದುವ ಹಿರಿಯರೂ ಬೇಕು.

ದಿನದ 24 ಗಂಟೆ

ಟಿವಿ9 ಬಂದ ಮೇಲೆ ಸುವರ್ಣ ನ್ಯೂಸ್, ಸಮಯ, ಜನಶ್ರೀ, 2012ರಲ್ಲಿ ಪಬ್ಲಿಕ್ ಟಿವಿ, ಆಮೇಲೆ ಬಿಟಿವಿ, ದಿಗ್ವಿಜಯ, ಪವರ್ ಟಿವಿ ಹೀಗೆ ಸಾಲು ಬೆಳೆಯಿತು. ಈ ಕಾಲದ ಗಳಿಕೆ ಸಣ್ಣದಲ್ಲ. ತಾಲ್ಲೂಕು ಕಚೇರಿಯ ಮುಂದೆ ಅಲೆದು ಸೋತವರ ದೂರಿಗೆ ಅಂದೇ ಉತ್ತರ ಸಿಗತೊಡಗಿತು. 2009ರ ಉತ್ತರ ಕರ್ನಾಟಕದ ನೆರೆಯನ್ನು ನಾಡು ನೋಡಿದ್ದು ಈ ಚಾನೆಲ್‌ಗಳಿಂದ. ಓಬಿ ವ್ಯಾನ್ ಹೋಗದ ಕಡೆ ನೇರಪ್ರಸಾರದ ಬ್ಯಾಕ್‌ಪ್ಯಾಕ್ ಹೋಯಿತು, ಅದೂ ಹೋಗದ ಕಡೆ ಮೊಬೈಲ್ ಹೋಯಿತು. 2018ರ ಕೊಡಗಿನ ಭೂಕುಸಿತದ ಹೊತ್ತಿಗೆ ಇದು ಸಹಜವಾಗಿತ್ತು.

ಕಳೆದುಕೊಂಡದ್ದು ಡೆಸ್ಕನ್ನು. ಗಂಟೆಗೊಂದು ಬುಲೆಟಿನ್ ಹೋಗಿ ಬಿಡುವಿಲ್ಲದ ನೇರಪ್ರಸಾರ ಬಂದಾಗ, ಸ್ಕ್ರಿಪ್ಟ್ ತಿದ್ದುವ ಹೊತ್ತೇ ಇಲ್ಲವಾಯಿತು. ಪ್ಯಾಕೇಜಿನ ಜಾಗಕ್ಕೆ ಫೋನೋ, ಅಂದರೆ ಫೋನಿನಲ್ಲೇ ಹೇಳುವ ವರದಿ ಬಂತು, ಒಂದೇ ದೃಶ್ಯ ಮತ್ತೆ ಮತ್ತೆ ಸುತ್ತತೊಡಗಿತು. ಎಚ್.ಆರ್. ರಂಗನಾಥ್ ಅವರಂತೆ ಮುದ್ರಣ ಮಾಧ್ಯಮದಿಂದ ಬಂದ ಸಂಪಾದಕರು ವರ್ಷಗಳ ವರದಿಗಾರಿಕೆಯ ಬಲದ ಮೇಲೆ ಕ್ಯಾಮೆರಾ ಮುಂದೆ ಮಾತಾಡಿದರು. ಅವರನ್ನು ಅನುಕರಿಸಿದ ಅನೇಕರು ಮಾತಿನ ವರಸೆಯನ್ನಷ್ಟೇ ಎತ್ತಿಕೊಂಡರು. ನೇರಪ್ರಸಾರಕ್ಕೂ ಸಂಯಮ ಬೇಕೆಂಬುದನ್ನು 2008ರ ಮುಂಬೈ ದಾಳಿ ಇಡೀ ದೇಶಕ್ಕೆ ಕಲಿಸಿತ್ತು. ಉಗ್ರರ ವಿರುದ್ಧದ ಕಾರ್ಯಾಚರಣೆಯ ನೇರಪ್ರಸಾರವನ್ನು ತಡೆಯುವ ನಿಯಮವನ್ನೇ 2015ರಲ್ಲಿ ಸರ್ಕಾರ ತರಬೇಕಾಯಿತು. ಸುದ್ದಿಮನೆ ತಾನೇ ಮಾಡಬೇಕಾದ ತೀರ್ಮಾನವನ್ನು ಹೊರಗಿನವರು ಮಾಡುವಂತಾದದ್ದು ಕಸುಬಿಗೆ ಹೆಮ್ಮೆಯ ಸಂಗತಿಯಲ್ಲ.

ತಿರುಪ್ಪೂರು ಕೇಳಿದ ಪ್ರಶ್ನೆಗಳು

ಪರಿಶೀಲನೆ ಇಲ್ಲದ ಸುದ್ದಿ ಏನು ಮಾಡಬಲ್ಲದು ಎಂಬುದು 2023ರ ಮಾರ್ಚ್‌ನಲ್ಲಿ ತಿಳಿಯಿತು. ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರನ್ನು ಹೊಡೆದು ಕೊಲ್ಲುತ್ತಿದ್ದಾರೆ ಎಂದು ವಿಡಿಯೊಗಳು ಹರಿದಾಡಿದವು. ಉತ್ತರದ ಕೆಲವು ಮಾಧ್ಯಮಗಳೂ ಅದನ್ನು ಸುದ್ದಿ ಮಾಡಿದವು. ಅವು ಸುಳ್ಳು ಎಂದು ತಮಿಳುನಾಡಿನ ಪೊಲೀಸ್ ಮಹಾನಿರ್ದೇಶಕ ಸೈಲೇಂದ್ರ ಬಾಬು ಹೇಳಿಕೆ ಕೊಟ್ಟರು. ತಿರುಪ್ಪೂರಿನದೆಂದ ದೃಶ್ಯ ಬಿಹಾರಿ ಕಾರ್ಮಿಕರ ಎರಡು ಗುಂಪುಗಳ ನಡುವಿನ ಜಗಳ, ಕೊಯಮತ್ತೂರಿನದು ಸ್ಥಳೀಯರೇ ಪರಸ್ಪರ ಹೊಡೆದಾಡಿದ್ದು. ಅಷ್ಟರಲ್ಲಿ ಭಯ ಹಬ್ಬಿತ್ತು. ಹೋಳಿಗೆ ಊರಿಗೆ ಹೊರಟವರ ರೈಲು ನಿಲ್ದಾಣದ ನೂಕುನುಗ್ಗಲೂ ಓಡಿಹೋಗುವವರ ಚಿತ್ರದಂತೆ ಕಂಡಿತು. ಬಿಹಾರ ಸರ್ಕಾರ ಅಧಿಕಾರಿಗಳ ತಂಡ ಕಳಿಸಿ ತಿರುಪ್ಪೂರು, ಕೊಯಮತ್ತೂರುಗಳಲ್ಲಿ ವಿಚಾರಿಸಬೇಕಾಯಿತು.

ಒಂದು ಒಳ್ಳೆಯ ಡೆಸ್ಕು ಇಂಥ ವಿಡಿಯೊ ಬಂದಾಗ ಮಾಡುವ ಕೆಲಸ ಗೊತ್ತಿರುವಂಥದೇ. ಚಿತ್ರ ನಿಲ್ಲಿಸಿ ವಾಹನದ ನಂಬರ್ ಪ್ಲೇಟ್ ನೋಡುವುದು: ಟಿಎನ್ 39 ಅಥವಾ 42 ಇದ್ದರೆ ತಿರುಪ್ಪೂರಿನ ವಾಹನ. ಅಂಗಡಿ ಬೋರ್ಡಿನ ಲಿಪಿ ನೋಡುವುದು. ಚಿತ್ರ ಮುಚ್ಚಿ ಸದ್ದು ಮಾತ್ರ ಕೇಳುವುದು: ಹೊಡೆಯುವವರ ಬಾಯಲ್ಲಿ ಯಾವ ಭಾಷೆ, ಹೊಡೆಸಿಕೊಳ್ಳುವವರ ಬಾಯಲ್ಲಿ ಯಾವುದು? ಎರಡೂ ಕಡೆ ಒಂದೇ ಭಾಷೆ ಕೇಳಿದರೆ ಅಲ್ಲಿಗೇ ಅನುಮಾನ ಹುಟ್ಟಬೇಕು. ಆಮೇಲೆ ಠಾಣೆಗೆ, ಆಸ್ಪತ್ರೆಗೆ, ಕಾರ್ಮಿಕರು ಉಳಿದುಕೊಂಡ ವಸತಿಗೆ ಫೋನು. ಇದಕ್ಕೆಲ್ಲ ಒಂದು ಗಂಟೆ ಸಾಕು. ಆ ಒಂದು ಗಂಟೆ ಕಾಯುವ ಅಧಿಕಾರ ಡೆಸ್ಕಿಗೆ ಇರಬೇಕು, ಅಷ್ಟೇ.

ಅದೇ ಜಿಲ್ಲೆಯ ಇನ್ನೊಂದು ಸುದ್ದಿ ಬೇರೊಂದು ಪಾಠ ಹೇಳುತ್ತದೆ. 2016ರ ಮಾರ್ಚ್ 13ರಂದು ಉಡುಮಲೈಪೇಟೆಯಲ್ಲಿ ಹಾಡಹಗಲೇ ದಲಿತ ಯುವಕ ಶಂಕರ್ ಅವರನ್ನು ಜಾತಿಯ ಕಾರಣಕ್ಕೆ ಕೊಂದ ಸಿಸಿಟಿವಿ ದೃಶ್ಯ ದೇಶದುದ್ದಕ್ಕೂ ಪ್ರಸಾರವಾಯಿತು. 2017ರ ಡಿಸೆಂಬರ್‌ನಲ್ಲಿ ತಿರುಪ್ಪೂರು ನ್ಯಾಯಾಲಯ ಆರು ಮಂದಿಗೆ ಮರಣದಂಡನೆ ಕೊಟ್ಟಿತು. 2020ರ ಜೂನ್‌ನಲ್ಲಿ ಹೈಕೋರ್ಟ್ ಅವರಲ್ಲಿ ಒಬ್ಬರನ್ನು ಬಿಡುಗಡೆ ಮಾಡಿ, ಐವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಕೊಲೆಗೆ ದೃಶ್ಯವಿತ್ತು, ತೀರ್ಪಿಗೆ ದೃಶ್ಯವಿರಲಿಲ್ಲ. ದೃಶ್ಯವಿಲ್ಲದ ಸುದ್ದಿಯನ್ನು ದಾಖಲೆ, ನಕ್ಷೆ, ಕಾಲಾನುಕ್ರಮದ ಗ್ರಾಫಿಕ್ಸ್ ಇಟ್ಟು ಎರಡು ನಿಮಿಷದಲ್ಲಿ ಅರ್ಥ ಮಾಡಿಸುವುದೇ ಟಿವಿ ಪ್ರೊಡ್ಯೂಸರನ ನಿಜವಾದ ವಿದ್ಯೆ. ನಮ್ಮ ತರಬೇತಿಗಳಲ್ಲಿ ಅತಿ ಕಡಿಮೆ ಹೊತ್ತು ಸಿಗುವುದು ಇದಕ್ಕೇ.

ಉಳಿದ ಕೆಲಸ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯಲ್ಲಿ ಕನ್ನಡ ಆಡುವ ದೇವಾಂಗರಿದ್ದಾರೆ, ಒಕ್ಕಲಿಗರಿದ್ದಾರೆ. ಸಿರುಮುಗೈಯ ರೇಷ್ಮೆ ಸೀರೆ, ನೆಗಮಂನ ಹತ್ತಿಸೀರೆಯ ಮಗ್ಗಗಳ ಮುಂದೆ ಕೂತವರಲ್ಲಿ ಕನ್ನಡದ ಮನೆಮಾತಿನವರು ಬಹಳ. ಕನ್ನಡ ಚಾನೆಲ್‌ಗಳ ಕ್ಯಾಮೆರಾ ಆ ಕಡೆ ತಿರುಗುವುದು ಹೆಚ್ಚಾಗಿ ಕಾವೇರಿ ಗಲಾಟೆ ಎದ್ದಾಗ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಕೋಳಿಕ್ಕೋಡಿನ ಒಬ್ಬ ಲಾರಿ ಚಾಲಕ ಕಾಣೆಯಾದಾಗ, ಮಲಯಾಳಂ ಚಾನೆಲ್‌ಗಳು ಗಡಿ ದಾಟಿ ಬಂದು ಗಂಗಾವಳಿ ದಂಡೆಯಲ್ಲಿ ಬೀಡುಬಿಟ್ಟವು. ಅವರ ಅತಿಯನ್ನು ಟೀಕಿಸಿದವರಿದ್ದಾರೆ. ತಮ್ಮ ಭಾಷೆಯ ಒಬ್ಬನಿಗಾಗಿ ಪರರಾಜ್ಯದಲ್ಲಿ ನಿಂತು ವರದಿ ಮಾಡುವ ಶಕ್ತಿ ಅವರಲ್ಲಿತ್ತು ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಆ ಶಕ್ತಿ ನಮಗೂ ಬರಬೇಕಾದರೆ ದಾರಿ ಕಷ್ಟದ್ದಲ್ಲ. ಚಾಮರಾಜನಗರ, ಕೊಳ್ಳೇಗಾಲ, ತಾಳವಾಡಿ ಕಡೆಯ, ಎರಡು ಭಾಷೆ ಬಲ್ಲ ಯುವಕ ಯುವತಿಯರನ್ನು ಹುಡುಕಿ ಪೂರ್ಣಾವಧಿ ಕೆಲಸ ಕೊಡಬೇಕು. ಸುದ್ದಿಗೆ ಇಷ್ಟು ಎಂದು ದುಡಿಯುವ ಸ್ಟ್ರಿಂಗರ್‌ಗಳಿಗೂ ತರಬೇತಿಯ ಹಕ್ಕಿದೆ. ಅವರ ಸ್ಕ್ರಿಪ್ಟನ್ನು ಬದಲಾಯಿಸಿದಾಗ ಏಕೆ ಬದಲಾಯಿಸಿದೆವೆಂದು ತಿಳಿಸಬೇಕು. ಹೊಸಬರಿಗೆ ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ಆರು ತಿಂಗಳು ಡೆಸ್ಕಿನಲ್ಲಿ ಕೂರುವುದು ಕಡ್ಡಾಯವಾಗಬೇಕು. ಹಳೆಯ ಬುಲೆಟಿನ್‌ಗಳ ಟೇಪುಗಳನ್ನು ಡಿಜಿಟಲ್ ಮಾಡಿ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳಿಗೆ ಕೊಟ್ಟರೆ, ಈ ಕಸುಬಿಗೆ 2006ಕ್ಕಿಂತ ಹಿಂದೆಯೂ ಚರಿತ್ರೆ ಇದೆ ಎಂಬುದು ಮಕ್ಕಳಿಗೆ ಕಣ್ಣಾರೆ ತಿಳಿಯುತ್ತದೆ.

2023ರ ಜುಲೈನಲ್ಲಿ ಪವರ್ ಟಿವಿ 'ಸೌಂದರ್ಯ' ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ತೆರೆಗೆ ತಂದಾಗ ನಿರೂಪಕರ ಕೆಲಸ ಹೋಯಿತೆಂದು ಅನೇಕರು ಮರುಗಿದರು. ಯಂತ್ರ ಮೊದಲು ಕಲಿತದ್ದು ಓದುವುದನ್ನು. ನಮ್ಮ ತರಬೇತಿ ಕೇಂದ್ರಗಳು ಎಲ್ಲಕ್ಕಿಂತ ಹೆಚ್ಚು ದುಡ್ಡು ತೆಗೆದುಕೊಂಡು ಕಲಿಸುತ್ತಿರುವುದೂ ಅದನ್ನೇ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಬಾಗಿಲಿಗೆ ಹೋಗಿ ಪಾಳಿ ಮುಗಿಸಿ ಬಂದ ಕಾರ್ಮಿಕನ ವಿಶ್ವಾಸ ಗಳಿಸುವುದು, ಅವನ ಮಾತನ್ನು ತಿರುಚದೆ ತಂದು ಬರೆಯುವುದು ಮನುಷ್ಯರ ಕೆಲಸ. ತರಬೇತಿಯ ಹಣ, ಹೊತ್ತು, ಗೌರವ ಮೂರೂ ಇನ್ನು ಆ ಕೆಲಸಕ್ಕೆ ಸಲ್ಲಬೇಕು.